ಅವಿತುಕೊಂಡಿದೆ ಎಂದರೆ ನಿಮ್ಮನ್ನು ಬೇಡವೆಂದಿದೆ ಎಂದಲ್ಲ

ಪ್ರಶ್ನೆ: ನಾನು ಸಾಗರದ ಕಡೆಯವಳು, ವಯಸ್ಸು 24. ಕಳೆದ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದೆ. ಜೊತೆಗಿದ್ದ ಹುಡುಗಿ ಡಿಸೆಂಬರ್‌ನಲ್ಲಿ ಓದು ಮುಗಿಸಿ ಬೇರೆ ಊರಿಗೆ ಹೋದಳು. ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಇಲ್ಲಿ ನಾಯಿ, ಬೆಕ್ಕು ಸಾಕಲು ಬಿಡುವುದಿಲ್ಲ. ಅದಕ್ಕೇ ಅಂಗಡಿಯಿಂದ ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯೊಂದನ್ನು ತಂದೆ. ವರ್ಷದ ಮರಿಯಂತೆ. ಬಣ್ಣ ನೋಡಿ ‘ಬೆಲ್ಲ’ ಎಂದು ಹೆಸರಿಟ್ಟೆ. ಗಾಜಿನ ಟ್ಯಾಂಕು, ಮರಳು, ಹೀಟ್ ಮ್ಯಾಟ್, ಒಂದು ಪ್ಲಾಸ್ಟಿಕ್ ಗುಹೆ, ಕೆಂಪು ಬಲ್ಬು ಎಲ್ಲವನ್ನೂ ಅಂಗಡಿಯವರೇ ಕೊಟ್ಟರು. ಗಾಜಿಗೆ ಅಂಟಿಸಿದ ಥರ್ಮಾಮೀಟರ್ 80 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆ.

ಒಂಬತ್ತು ದಿನವಾಯಿತು, ಅದು ಗುಹೆ ಬಿಟ್ಟು ಬರುತ್ತಿಲ್ಲ. ಏನೂ ತಿಂದಿಲ್ಲ. ಆರು ಕ್ರಿಕೆಟ್ ಹುಳು ಬಿಟ್ಟಿದ್ದೆ, ಅವು ಅಲ್ಲೇ ಓಡಾಡಿಕೊಂಡಿವೆ. ಎರಡು ಸಲ ಗುಹೆ ಎತ್ತಿ ಬೆಲ್ಲನನ್ನು ಕೈಗೆ ತೆಗೆದುಕೊಳ್ಳಲು ಹೋದೆ. ಬಾಲ ಎತ್ತಿ ಹಾವಿನ ಹಾಗೆ ಆಡಿಸಿ ಓಡಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಟಾರ್ಚ್ ಹಿಡಿದು ನೋಡುತ್ತೇನೆ, ಬದುಕಿದೆಯೋ ಇಲ್ಲವೋ ಅಂತ. ಅಮ್ಮನಿಗೆ ಹೇಳಿದರೆ, ‘ದುಡ್ಡು ಕೊಟ್ಟು ಹಲ್ಲಿ ತಂದಿದ್ದೀಯಾ, ಬುದ್ಧಿ ಎಲ್ಲಿಟ್ಟಿದ್ದೀಯೆ?’ ಎಂದು ಬೈದರು. ಮೊನ್ನೆ, ಒಂದು ಹಲ್ಲಿಗೂ ನಾನು ಬೇಡವಾದೆನಾ ಅನ್ನಿಸಿ ಅತ್ತುಬಿಟ್ಟೆ. ಇದು ಹುಚ್ಚುತನ ಅಂತ ನನಗೇ ಗೊತ್ತು. ವಾಪಸು ಕೊಟ್ಟುಬಿಡಲೇ? ಇಲ್ಲ, ಜೊತೆಗಿರಲಿ ಅಂತ ಇನ್ನೊಂದನ್ನು ತರಲೇ?

— ಹೆಸರು ಬೇಡ, ಮಿನಿಯಾಪೊಲಿಸ್

ಉತ್ತರ: ಹುಚ್ಚುತನ ಎಂಬ ಮಾತನ್ನು ಮೊದಲು ಬದಿಗಿಡೋಣ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಚಳಿಗಾಲದ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ, ಒಂಟಿ ಮನೆಗೆ ನೀವು ಒಂದು ಜೀವವನ್ನು ತಂದಿರಿ. ಅದಕ್ಕೆ ಹೆಸರಿಟ್ಟಿರಿ, ಹೊಟ್ಟೆಗೆ ಬಿತ್ತೋ ಇಲ್ಲವೋ ಎಂದು ನಿದ್ದೆಗೆಟ್ಟಿರಿ. ಅದು ನಿಮ್ಮತ್ತ ತಿರುಗಿಯೂ ನೋಡಲಿಲ್ಲ. ಕರೆದವರು ಬಾರದೆ ಹೋದಾಗ ಆಗುವ ನೋವೇ ಇದು. ಎದುರಿಗಿರುವುದು ಮನುಷ್ಯನೋ ಗೆಕ್ಕೊವೋ ಎಂದು ನೋಡಿ ಆ ನೋವು ಹೆಚ್ಚುಕಡಿಮೆ ಆಗುವುದಿಲ್ಲ. ಅತ್ತಿದ್ದಕ್ಕೆ ನಾಚಿಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಹೆಣೆದುಕೊಂಡಿವೆ. ಒಂದು ಬೆಲ್ಲನದು, ಇನ್ನೊಂದು ನಿಮ್ಮದು. ಎರಡನ್ನೂ ಬಿಡಿಸಿ ನೋಡಿದರೆ ಎರಡಕ್ಕೂ ದಾರಿಯಿದೆ. ಬೆರೆಸಿ ನೋಡಿದಾಗಲೇ ‘ಹಲ್ಲಿಗೂ ನಾನು ಬೇಡವಾದೆ’ ಎಂಬ ಮಾತು ಹುಟ್ಟುವುದು. ಮೊದಲು ಬೆಲ್ಲನ ಕಡೆಯಿಂದ ನೋಡೋಣ.

ಅದು ಏನು ಹೇಳುತ್ತಿದೆ?

ಲೆಪರ್ಡ್ ಗೆಕ್ಕೊ ನಿಮ್ಮಷ್ಟು ದೂರದಿಂದಲೇ ಅಮೆರಿಕಕ್ಕೆ ಹೋದ ವಂಶದ್ದು. ಅದರ ಮೂಲ ನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಅಂಚಿನ ಕಲ್ಲುಗುಡ್ಡಗಳ ಒಣಭೂಮಿ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಇಂದು ಅಮೆರಿಕದ ಅಂಗಡಿಗಳಲ್ಲಿ ಸಿಗುವ ಮರಿಗಳು ಸಾಮಾನ್ಯವಾಗಿ ಅಲ್ಲೇ ಸಾಕಣೆಯಲ್ಲಿ ಹುಟ್ಟಿದವು. ಆದರೆ ಎಷ್ಟು ತಲೆಮಾರು ಗಾಜಿನೊಳಗೆ ಕಳೆದರೂ ಮೈಯೊಳಗಿನ ಬುದ್ಧಿ ಆ ಕಲ್ಲುಗುಡ್ಡದ್ದೇ. ಅಲ್ಲಿ ಹಗಲೆಲ್ಲ ಬಂಡೆಯ ಸಂದಿಯಲ್ಲಿ ಅವಿತಿದ್ದು ಮುಸ್ಸಂಜೆಗೆ ಹೊರಬಂದವು ಬದುಕಿದವು. ಬಯಲಲ್ಲಿ ಮೈಮರೆತವು ಹಕ್ಕಿಗೋ ಹಾವಿಗೋ ಆಹಾರವಾದವು. ಬದುಕಿ ಉಳಿದವುಗಳ ಸಂತತಿ ನಿಮ್ಮ ಬೆಲ್ಲ.

ಹಾಗಾಗಿ ಹೊಸ ಜಾಗ, ಹೊಸ ವಾಸನೆ, ಹೊಸ ಸದ್ದು ಎದುರಾದಾಗ ಗೆಕ್ಕೊ ಮಾಡಬೇಕಾದ ಕೆಲಸ ಒಂದೇ. ಅವಿತುಕೊಳ್ಳುವುದು. ಅದು ನಿಮ್ಮನ್ನು ತಿರಸ್ಕರಿಸುತ್ತಿಲ್ಲ. ಇನ್ನೂ ನಿಮ್ಮನ್ನು ಬೇರೆಯಾಗಿ ಗುರುತಿಸುವ ಹಂತಕ್ಕೇ ಅದು ಬಂದಿಲ್ಲ. ಈ ಜಾಗದಲ್ಲಿ ಸಾಯದೆ ಇರಬಹುದೇ ಎಂಬ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದೆ. ನಿಮ್ಮ ಊರಿನವರಿಗೆ ಇದು ಹೊಸದೇನಲ್ಲ. ಬೇರೆ ಊರಿನಿಂದ ಕೊಂಡುತಂದ ಹಸು ಹೊಸ ಕೊಟ್ಟಿಗೆಯಲ್ಲಿ ಕೆಲವು ದಿನ ಸರಿಯಾಗಿ ಸೊರ ಬಿಡುವುದಿಲ್ಲ. ಆಗ ಮನೆಯವರು ಹಸುವಿಗೆ ನಾವು ಬೇಡವಾದೆವು ಎಂದು ಅಳುವುದಿಲ್ಲ. ಗದ್ದಲ ಮಾಡಬೇಡಿ, ಜಾಗ ಒಗ್ಗಲಿ ಎನ್ನುತ್ತಾರೆ. ಬೆಲ್ಲನಿಗೂ ಆ ರಿಯಾಯಿತಿ ಕೊಡಿ.

ಬಾಲ ಆಡಿಸಿದ್ದು ನಿಮ್ಮನ್ನು ಬಹಳ ನೋಯಿಸಿದೆ. ಆ ಬಾಲವನ್ನು ಓದಲು ಕಲಿತರೆ ಮನಸ್ಸು ಹಗುರಾಗುತ್ತದೆ. ಬಾಲವನ್ನು ಮೇಲೆತ್ತಿ ನಿಧಾನವಾಗಿ, ಅಲೆಅಲೆಯಾಗಿ ಆಡಿಸಿದರೆ ‘ನನಗೆ ಹೆದರಿಕೆಯಾಗಿದೆ, ಹತ್ತಿರ ಬರಬೇಡ’ ಎಂದರ್ಥ. ಮುಂದೊಂದು ದಿನ ಹುಳು ಕಂಡ ಕ್ಷಣ ಬೆಲ್ಲನ ಮೈ ತಗ್ಗುತ್ತದೆ, ಕಣ್ಣು ಹುಳುವಿನ ಮೇಲೆ ನೆಡುತ್ತದೆ, ಬಾಲದ ತುದಿ ಮಾತ್ರ ಸರಸರನೆ ನಡುಗುತ್ತದೆ. ಅದು ಬೇಟೆಯ ಉತ್ಸಾಹ. ಹೆದರಿಕೆಯ ಬಾಲ ಬೇರೆ, ಹಸಿವಿನ ಬಾಲ ಬೇರೆ. ಇನ್ನೂ ಒಂದು ವಿಷಯ. ಆ ಬಾಲ ಅದರ ಉಗ್ರಾಣ. ಕೊಬ್ಬನ್ನು ಅಲ್ಲಿ ಕೂಡಿಟ್ಟುಕೊಂಡಿರುತ್ತದೆ. ಆದ್ದರಿಂದ ಬಾಲ ದಪ್ಪಗಿರುವ, ಆರೋಗ್ಯವಾಗಿರುವ ಗೆಕ್ಕೊ ಒಂದೆರಡು ವಾರ ಸರಿಯಾಗಿ ತಿನ್ನದಿದ್ದರೂ ಕೂಡಲೇ ಸಾಯುವುದಿಲ್ಲ. ಬೆಲ್ಲನ ಬಾಲ ಕುತ್ತಿಗೆಯಷ್ಟಾದರೂ ದಪ್ಪ ಇದೆಯೇ? ಇದ್ದರೆ ಈ ರಾತ್ರಿ ಟಾರ್ಚ್ ಇಲ್ಲದೆ ಮಲಗಿ. ಆ ಬೆಳಕು ಅದಕ್ಕೆ ಇನ್ನೊಂದು ಹೆದರಿಕೆ, ನಿಮಗೆ ಇನ್ನೊಂದು ನಿದ್ದೆಗೇಡು.

ಹೊಟ್ಟೆಗಿಂತ ಮೊದಲು ಬಿಸಿ

ನಾನು ಪಶುವೈದ್ಯೆಯಲ್ಲ. ಆದರೂ ನೀವು ಬರೆದ ವಿವರಗಳಲ್ಲಿ ಕೆಲವನ್ನು ತಡಮಾಡದೆ ಸರಿಪಡಿಸಿಕೊಳ್ಳಬಹುದು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅಂಗಡಿಯವರು ಕಟ್ಟಿಕೊಟ್ಟದ್ದನ್ನು ಹೊಸಬರು ನಂಬುವುದು ಸಹಜ.

ಗೆಕ್ಕೊಗೆ ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟುವುದಿಲ್ಲ. ತಿಂದದ್ದು ಅರಗಬೇಕಾದರೆ ಹೊರಗಿನಿಂದ ಬಿಸಿ ಸಿಗಬೇಕು. ಬಿಸಿ ಸಾಲದ ಗೆಕ್ಕೊ ತಿನ್ನಲು ಹಿಂಜರಿಯುತ್ತದೆ. ಗಾಜಿಗೆ ಅಂಟಿಸಿದ ಥರ್ಮಾಮೀಟರ್ ಹೇಳುವುದು ಗಾಜಿನ ಬಳಿಯ ಗಾಳಿಯ ಬಿಸಿಯನ್ನು. ಬೆಲ್ಲನಿಗೆ ಬೇಕಾದ್ದು ಅದು ಮಲಗುವ ನೆಲದ ಬಿಸಿ. ಟ್ಯಾಂಕಿನ ಒಂದು ತುದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿಯ ಲೆಕ್ಕದಲ್ಲಿ 88ರಿಂದ 91 ಫ್ಯಾರನ್‌ಹೀಟ್ ಇರಲಿ. ಇನ್ನೊಂದು ತುದಿ 24 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಂದರೆ 75 ಫ್ಯಾರನ್‌ಹೀಟ್ ಇರಲಿ. ಎರಡರ ನಡುವೆ ಓಡಾಡಿಕೊಂಡು ತನಗೆಷ್ಟು ಬೇಕೋ ಅಷ್ಟು ಬಿಸಿಯನ್ನು ಅದೇ ಆರಿಸಿಕೊಳ್ಳುತ್ತದೆ. ನೆಲಕ್ಕೆ ತಾಗಿಸಿಡುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತನ್ನಿ. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಮೊದಲ ಖರ್ಚು ಅದೇ ಆಗಲಿ. ಹತೋಟಿಯಿಲ್ಲದ ಮ್ಯಾಟ್ ಹೊಟ್ಟೆ ಸುಡುವಷ್ಟು ಕಾಯಬಹುದು. ಕೆಂಪು ಬಲ್ಬನ್ನು ರಾತ್ರಿ ಆರಿಸಿಬಿಡಿ. ಕತ್ತಲೆಯಾಗದ ರಾತ್ರಿ ಗೆಕ್ಕೊಗೆ ರಾತ್ರಿಯೇ ಅಲ್ಲ. ಹಗಲು 12 ಗಂಟೆ ಸಾಧಾರಣ ಬೆಳಕು, ಆಮೇಲೆ ಪೂರ್ತಿ ಕತ್ತಲು ಸಾಕು. ಮನೆಯ ಹೀಟರ್ ರಾತ್ರಿ ತೀರ ಇಳಿಯದಂತೆ ಮಾತ್ರ ನೋಡಿಕೊಳ್ಳಿ. ಟ್ಯಾಂಕು ಕಿಟಕಿಯ ಪಕ್ಕದಲ್ಲಿದ್ದರೆ ಒಳಗೋಡೆಯ ಕಡೆಗೆ ಸರಿಸಿ.

ಗುಹೆ ಒಂದೇ ಇದ್ದರೆ ಬೆಲ್ಲನಿಗೆ ಇಕ್ಕಟ್ಟು. ಅವಿತುಕೊಳ್ಳಬೇಕೋ ಬಿಸಿ ಕಾಯಿಸಿಕೊಳ್ಳಬೇಕೋ ಎಂಬುದರಲ್ಲಿ ಒಂದನ್ನೇ ಆರಿಸಬೇಕಾಗುತ್ತದೆ. ಬಿಸಿ ತುದಿಗೊಂದು, ತಂಪು ತುದಿಗೊಂದು ಗುಹೆ ಇಡಿ. ನಡುವೆ ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಅಂಚನ್ನು ನುಣುಪು ಮಾಡಿ, ಒಳಗೆ ಒದ್ದೆ ಪೇಪರ್ ಟವಲ್ ಹಾಸಿ. ಪೊರೆ ಬಿಡುವಾಗ ಆ ತೇವ ಬೇಕು. ಬೆಲ್ಲನ ಬಣ್ಣ ಮಸುಕಾಗಿ ಬೂದಿ ಬಳಿದಂತೆ ಕಂಡರೆ ಪೊರೆ ಬರುತ್ತಿದೆ ಎಂದು ತಿಳಿಯಿರಿ. ಆಗಲೂ ಊಟ ಬಿಡುವುದುಂಟು. ಕಳಚಿದ ಪೊರೆಯನ್ನು ತಾನೇ ತಿಂದುಬಿಡುತ್ತದೆ, ಗಾಬರಿಯಾಗಬೇಡಿ. ಬೆರಳ ತುದಿಯಲ್ಲಿ ಪೊರೆ ಸಿಕ್ಕಿಕೊಂಡು ಉಳಿದಿದೆಯೇ ಎಂದು ಮಾತ್ರ ನೋಡಿ. ಹಾಗೇ ಬಿಟ್ಟರೆ ಬಿಗಿದು ಬೆರಳಿಗೆ ರಕ್ತ ಹೋಗದಂತಾಗುತ್ತದೆ.

ಮರಳನ್ನು ತೆಗೆದು ಸದ್ಯಕ್ಕೆ ಪೇಪರ್ ಟವಲ್ ಹಾಸಿ. ಹುಳುವಿನ ಜೊತೆ ಮರಳು ಹೊಟ್ಟೆ ಸೇರಿದರೆ ಕರುಳು ಕಟ್ಟಿಕೊಳ್ಳುವ ಭಯವಿದೆ. ಪೇಪರ್ ಮೇಲಾದರೆ ಹಿಕ್ಕೆ ಬಿದ್ದಿದೆಯೋ ಇಲ್ಲವೋ, ಹೇಗಿದೆ ಎಂಬುದು ಒಂದು ನೋಟಕ್ಕೇ ತಿಳಿಯುತ್ತದೆ. ಓಡಾಡುತ್ತಿರುವ ಆ ಆರೂ ಕ್ರಿಕೆಟ್ ಹುಳುಗಳನ್ನು ಇವತ್ತೇ ಹಿಡಿದು ಹೊರಗೆ ಹಾಕಿ. ಅವಿತು ಮಲಗಿರುವ ಗೆಕ್ಕೊನ ಮೈ, ಬೆರಳುಗಳನ್ನು ಅವು ಕಚ್ಚುತ್ತವೆ. ಮೈಮೇಲೆ ಹತ್ತಿ ಕಚ್ಚುವ ಹುಳುವಿನ ನಡುವೆ ಯಾರಿಗೆ ತಾನೇ ಧೈರ್ಯ ಬಂದೀತು?

ಈ ಎಲ್ಲ ಬದಲಾವಣೆಯನ್ನೂ ಒಂದೇ ಸಲ, ಒಂದೇ ದಿನ ಮಾಡಿ ಮುಗಿಸಿ. ಬೆಲ್ಲನನ್ನು ಗುಹೆಯ ಸಮೇತ ಗಾಳಿಯಾಡುವ ಮುಚ್ಚಳದ ಡಬ್ಬಿಗೆ ಸಾಗಿಸಿ, ಟ್ಯಾಂಕು ಸಿದ್ಧಪಡಿಸಿ, ಹಾಗೆಯೇ ಹಿಂದಕ್ಕೆ ಇಡಿ. ದಿನಕ್ಕೊಂದು ತಿದ್ದುಪಡಿ ಮಾಡುತ್ತ ಹೋದರೆ ಬೆಲ್ಲನಿಗೆ ದಿನಾ ಹೊಸ ಮನೆ.

ಮುಂದಿನ ಎರಡು ವಾರ

ಇಲ್ಲಿಂದ ಮುಂದೆ ನಾನು ಹೇಳುವುದು ನಿಮಗೆ ಕಷ್ಟದ ಕೆಲಸ. ಎರಡು ವಾರ ಬೆಲ್ಲನನ್ನು ಮುಟ್ಟಬೇಡಿ. ವಾರಕ್ಕೊಮ್ಮೆ ತೂಗುವಾಗ ಹೊರತು ಗುಹೆ ಎತ್ತಬೇಡಿ. ಬೆನ್ನ ಮೇಲಿಂದ ಕೈ ಇಳಿಸಬೇಡಿ, ಬೇಟೆಯ ಹಕ್ಕಿ ಬರುವುದೂ ಮೇಲಿನಿಂದಲೇ. ಯಾವತ್ತೂ ಬಾಲ ಹಿಡಿಯಬೇಡಿ. ಹೆದರಿದ ಗೆಕ್ಕೊ ಬಾಲವನ್ನೇ ಕಳಚಿ ಓಡುತ್ತದೆ. ಮತ್ತೆ ಬೆಳೆಯುವ ಬಾಲ ಮೊದಲಿನಂತಿರುವುದಿಲ್ಲ, ಕೂಡಿಟ್ಟ ಕೊಬ್ಬೂ ಹೋಗುತ್ತದೆ.

ಟ್ಯಾಂಕಿನ ಹಿಂಬದಿಗೆ, ಎರಡು ಪಕ್ಕಕ್ಕೆ ಹೊರಗಿನಿಂದ ಕಾಗದ ಅಂಟಿಸಿ. ನಾಲ್ಕು ಕಡೆಯೂ ಬಯಲಾದ ಜಾಗದಲ್ಲಿ ಬೆನ್ನು ಕೊಡಲು ಗೋಡೆಯಿಲ್ಲದ ಭಾವ ಇರುತ್ತದೆ. ಮೂರು ಕಡೆ ಮುಚ್ಚಿದರೆ ಕಾಯಬೇಕಾದ ದಿಕ್ಕು ಒಂದೇ ಉಳಿಯುತ್ತದೆ. ದಿನಕ್ಕೊಂದು ಸಲ, ಸಾಧ್ಯವಾದಷ್ಟು ಒಂದೇ ಹೊತ್ತಿಗೆ, ತಟ್ಟೆಯ ನೀರು ಬದಲಿಸಿ, ಹಿಕ್ಕೆ ಇದ್ದರೆ ತೆಗೆಯಿರಿ, ಬಿಸಿ ನೋಡಿ. ಅಷ್ಟೇ. ಉಳಿದ ಹೊತ್ತು ನೀವು ಅದೇ ಕೋಣೆಯಲ್ಲಿ ಓದಿಕೊಳ್ಳಿ, ಅಡುಗೆ ಮಾಡುತ್ತ ಫೋನಿನಲ್ಲಿ ಮಾತಾಡಿ, ಹಾಡು ಗುನುಗಿ. ಗಾಜಿಗೆ ಮುಖವಿಟ್ಟು ದಿಟ್ಟಿಸಬೇಡಿ. ನಿಮ್ಮ ಹೆಜ್ಜೆಯ ಸದ್ದು, ಮೈವಾಸನೆ ದಿನವೂ ಬರುತ್ತವೆ, ಅದರಿಂದ ಕೆಟ್ಟದ್ದೇನೂ ಆಗುವುದಿಲ್ಲ ಎಂಬುದನ್ನು ಬೆಲ್ಲ ಹೀಗೇ ಕಲಿಯಬೇಕು. ಬೇರೆ ಪಾಠವಿಲ್ಲ.

ಇದು ನಿಮಗೆ ಕೈಕಟ್ಟಿ ಕೂತಂತೆ ಅನ್ನಿಸಬಹುದು. ಪ್ರೀತಿ ಎಂದರೆ ಎತ್ತಿಕೊಳ್ಳುವುದು, ಉಣಿಸುವುದು, ಮಾತಾಡಿಸುವುದು ಎಂದು ಬೆಳೆದವರು ನಾವು. ಆದರೆ ಕೆಲವು ಜೀವಗಳಿಗೆ, ಕೆಲವು ದಿನಗಳ ಮಟ್ಟಿಗೆ, ಬಿಟ್ಟುಕೊಡುವುದೇ ಆರೈಕೆ. ನೀವು ಮುಟ್ಟದೆ ಉಳಿದ ಒಂದೊಂದು ಸಂಜೆಯೂ ಬೆಲ್ಲನಿಗೆ ನೀವು ಮಾಡಿದ ಉಪಕಾರ.

ಊಟದ ವಿಚಾರ. ಬಿಸಿ ಸರಿಯಾಗಿ ಎರಡು ದಿನವಾದ ಮೇಲೆ, ಸಂಜೆ ದೀಪ ಆರಿಸುವ ಹೊತ್ತಿಗೆ, ಒಂದೆರಡು ಹುಳು ಮಾತ್ರ ಕೊಡಿ. ಹುಳುವಿನ ಅಗಲ ಬೆಲ್ಲನ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರದಿರಲಿ. ನುಣುಪು ಬಟ್ಟಲಿನಲ್ಲಿ ನಾಲ್ಕು ಮೀಲ್‌ವರ್ಮ್ ಇಟ್ಟರೂ ಆದೀತು, ಅವು ಹತ್ತಿ ಹೊರಬರುವುದಿಲ್ಲ. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಕ್ಯಾಲ್ಸಿಯಂ, ಡಿ3 ವಿಟಮಿನ್ ಕೊರತೆಯಾದರೆ ಮೂಳೆ ಮೆತ್ತಗಾಗುವ ಕಾಯಿಲೆ ಬರುತ್ತದೆ. ಎಷ್ಟು ದಿನಕ್ಕೊಮ್ಮೆ ಎಷ್ಟು ಪುಡಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಇದು ಕೀಟಾಹಾರಿ. ಸೊಪ್ಪು, ಹಣ್ಣು, ಅನ್ನ ಯಾವುದೂ ಬೇಡ. ಕಾಲು ಗಂಟೆಯಲ್ಲಿ ತಿನ್ನದಿದ್ದರೆ ಓಡಾಡುವ ಹುಳು ತೆಗೆದು, ಎರಡು ದಿನ ಬಿಟ್ಟು ಮತ್ತೆ ಕೊಡಿ. ಬಾಯಿ ಬಿಡಿಸಿ ತುರುಕುವ ಕೆಲಸ ಖಂಡಿತ ಬೇಡ.

ವಾರಕ್ಕೊಮ್ಮೆ ಮಾತ್ರ, ಈ ಪ್ರಾಣಿಗೆಂದೇ ಇಟ್ಟುಕೊಂಡ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಅದು ಡಬ್ಬಿಯೊಳಕ್ಕೆ ತಾನಾಗಿ ನಡೆದು ಬಂದರೆ ಒಳ್ಳೆಯದು, ಇಲ್ಲವಾದರೆ ಗುಹೆಯ ಸಮೇತ ತೂಗಿ ಗುಹೆಯ ತೂಕ ಕಳೆಯಿರಿ. ಗ್ರಾಂ ಲೆಕ್ಕವನ್ನು ತಾರೀಖಿನ ಜೊತೆ ಬರೆದಿಡಿ. ರಾತ್ರಿ ಎರಡು ಗಂಟೆಯ ಭಯಕ್ಕೆ ಈ ಅಂಕಿಯೇ ಉತ್ತರ. ತೂಕ ನಿಂತಲ್ಲೇ ಇದ್ದರೆ ಬೆಲ್ಲ ಚೆನ್ನಾಗಿದೆ, ನೀವು ಮಲಗಬಹುದು.

ಎರಡು ವಾರ ಕಳೆದು, ಊಟ ನಿಯಮಕ್ಕೆ ಬಂದ ಮೇಲೆ, ಮುಸ್ಸಂಜೆಗೆ ಅಂಗೈಯನ್ನು ಮೇಲ್ಮುಖ ಮಾಡಿ ಟ್ಯಾಂಕಿನ ನೆಲದ ಮೇಲೆ ಐದು ನಿಮಿಷ ಸುಮ್ಮನೆ ಇಡಿ. ಮೊದಮೊದಲು ದೂರದಿಂದ ನೋಡುತ್ತದೆ. ಆಮೇಲೊಂದು ದಿನ ಬಂದು ಬೆರಳ ತುದಿಯನ್ನು ನಾಲಿಗೆಯಿಂದ ಸೋಕಿಸಿ ಹೋಗುತ್ತದೆ. ನಿಮ್ಮ ವಾಸನೆಯನ್ನು ಅದು ತಿಳಿದುಕೊಳ್ಳುವ ಬಗೆ ಅದು. ಅಂಗೈ ಹತ್ತುವುದು, ಹತ್ತದೇ ಇರುವುದು ಅದರ ಇಷ್ಟ. ಹತ್ತಿದರೂ ಮೊದಲಲ್ಲಿ ಕೆಲವೇ ನಿಮಿಷ, ನೆಲಕ್ಕೆ ಹತ್ತಿರದಲ್ಲಿ ಕೂತು ಹಿಡಿಯಿರಿ. ತಿಂದ ದಿನ ಎತ್ತಬೇಡಿ. ಪ್ರತಿ ಸಲ ಮುಟ್ಟಿದ ಮೇಲೆ, ಟ್ಯಾಂಕಿನ ನೀರು, ಹಿಕ್ಕೆ ತೆಗೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅದರ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಆರೋಗ್ಯವಾಗಿ ಕಾಣುವ ಸರೀಸೃಪಗಳೂ ಸಾಲ್ಮೊನೆಲ್ಲಾ ರೋಗಾಣುವನ್ನು ಹೊತ್ತಿರಬಹುದು. ಐದು ವರ್ಷದೊಳಗಿನ ಮಕ್ಕಳಿರುವ, ತೀರ ವಯಸ್ಸಾದವರಿರುವ ಮನೆಗಳಲ್ಲಿ ಇದರ ಎಚ್ಚರ ಇನ್ನೂ ಹೆಚ್ಚು ಬೇಕು.

ಯಾವಾಗ ಕಾಯಬಾರದು?

ತಾಳ್ಮೆಗೂ ಒಂದು ಗಡಿ ಇರಬೇಕು. ತೂಕ ಹತ್ತರಲ್ಲೊಂದು ಪಾಲು ಇಳಿದರೆ, ಅಂದರೆ 50 ಗ್ರಾಂ ಇದ್ದದ್ದು 45ಕ್ಕೆ ಬಂದರೆ, ಬಾಲ ಕಣ್ಣಿಗೆ ಕಾಣುವಷ್ಟು ಸೊರಗಿದರೆ, ಕಣ್ಣು ಒಳಕ್ಕೆ ಹೋದರೆ, ಹಿಕ್ಕೆ ನೀರಾದರೆ, ತಿಂದದ್ದನ್ನು ಕಾರಿದರೆ, ಬಾಯಿ ತೆರೆದು ಉಸಿರಾಡಿದರೆ, ಕಾಲು ನಡುಗಿದರೆ ಎರಡು ವಾರದ ಲೆಕ್ಕ ಹಿಡಿಯಬೇಡಿ. ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಕೂಡಲೇ ಕರೆದೊಯ್ಯಿರಿ. ಬಿಸಿ ಸರಿಯಿದ್ದೂ ಎರಡು ವಾರ ಏನೂ ತಿನ್ನದಿದ್ದರೂ ತೋರಿಸಿ. ನಾಯಿ, ಬೆಕ್ಕು ನೋಡುವ ಎಲ್ಲರಿಗೂ ಇದರ ಅನುಭವ ಇರುವುದಿಲ್ಲ. ಅಸೋಸಿಯೇಷನ್ ಆಫ್ ರೆಪ್ಟೀಲಿಯನ್ ಅಂಡ್ ಆಂಫಿಬಿಯನ್ ವೆಟರಿನೇರಿಯನ್ಸ್ ಎಂಬ ಪಶುವೈದ್ಯರ ಸಂಸ್ಥೆ ಇಂಥ ವೈದ್ಯರ ಪಟ್ಟಿ ಇಟ್ಟಿದೆ, ಅದರಲ್ಲಿ ನಿಮ್ಮ ಊರಿನವರನ್ನು ಹುಡುಕಿ. ಎಲ್ಲ ಚೆನ್ನಾಗಿದ್ದರೂ ಹೊಸದಾಗಿ ತಂದ ಪ್ರಾಣಿಯ ಹಿಕ್ಕೆಯನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಜಾಣತನ. ಕರುಳಿನ ಪರೋಪಜೀವಿಗಳು ಹೊರನೋಟಕ್ಕೆ ತಿಳಿಯುವುದಿಲ್ಲ.

ಇನ್ನೊಂದನ್ನು ತರಲೇ ಎಂದು ಕೇಳಿದಿರಿ

ಬೇಡ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಲೆಪರ್ಡ್ ಗೆಕ್ಕೊಗೆ ಒಂಟಿತನ ಎಂಬ ಕೊರಗಿಲ್ಲ. ಅದಕ್ಕೆ ಒಂದು ಸುರಕ್ಷಿತ ಜಾಗ, ಬಿಸಿ, ಹುಳು, ಕತ್ತಲು ಇದ್ದರೆ ಸಾಕು. ಇನ್ನೊಂದನ್ನು ಅದೇ ಟ್ಯಾಂಕಿಗೆ ಬಿಟ್ಟರೆ ಬಿಸಿ ಜಾಗಕ್ಕೆ, ಊಟಕ್ಕೆ ಪೈಪೋಟಿ ಹುಟ್ಟುತ್ತದೆ, ಕಚ್ಚಾಡುತ್ತವೆ. ಗಂಡುಗಳೆರಡಾದರೆ ಕಾದಾಟ ಖಚಿತ.

ಜೊತೆ ಬೇಕೆಂಬ ಹಂಬಲ ನಿಮ್ಮದು. ಅದನ್ನು ಬೆಲ್ಲನದೆಂದು ಓದಿಕೊಂಡಿದ್ದೀರಿ. ಪ್ರೀತಿ ಇರುವವರು ತಮ್ಮ ಹಸಿವನ್ನು ಎದುರಿನವರಲ್ಲಿ ಕಾಣುವುದು ಸಹಜ. ಈಗ ಅದನ್ನು ನಿಮ್ಮ ಹೆಸರಿಗೇ ಬರೆದುಕೊಂಡು ನೋಡೋಣ.

ನಿಮ್ಮ ಎರಡನೆಯ ಸಂಕಟ ಇದು: ಜೊತೆಗಿದ್ದವಳು ಹೋದಳು, ಮನೆ ಖಾಲಿಯಾಯಿತು, ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿದೆ, ಅಳು ಬರುತ್ತಿದೆ. ಬೆಲ್ಲ ಬರುವ ಮೊದಲೇ ಇದು ಶುರುವಾಗಿತ್ತೆಂದು ನಿಮ್ಮ ಪತ್ರದ ಸಾಲುಗಳು ಹೇಳುತ್ತವೆ. ಗೇಣುದ್ದದ ಒಂದು ಪ್ರಾಣಿಯ ಮೇಲೆ ಇಷ್ಟು ಭಾರ ಹೊರಿಸಿದರೆ ಅದು ಹೊರಲಾರದು. ಬೆಲ್ಲ ಒಗ್ಗಿಕೊಂಡ ಮೇಲೂ ನಾಯಿಯಂತೆ ಬಾಗಿಲಿಗೆ ಓಡಿಬರುವುದಿಲ್ಲ, ಮಡಿಲಲ್ಲಿ ತಲೆಯಿಡುವುದಿಲ್ಲ. ನಿಮ್ಮ ಮುಂದೆ ಹೆದರದೆ ತನ್ನ ಪಾಡಿಗೆ ಬದುಕುತ್ತದೆ. ಅದು ಸಣ್ಣ ವಿಷಯವಲ್ಲ, ನೋಡನೋಡುತ್ತ ಅದರಲ್ಲೊಂದು ಸಂತೋಷ ಸಿಗುತ್ತದೆ. ಆದರೆ ‘ಊಟ ಆಯ್ತಾ’ ಎಂದು ಕೇಳುವ ದನಿ ಮನುಷ್ಯರಿಂದಲೇ ಬರಬೇಕು.

ಅದಕ್ಕೆ ಒಂದೆರಡು ಹೆಜ್ಜೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆಂದೇ ಆಪ್ತಸಮಾಲೋಚನೆ ಇರುತ್ತದೆ. ಈ ವಾರವೇ ಒಂದು ಭೇಟಿ ಗೊತ್ತುಮಾಡಿಕೊಳ್ಳಿ. ‘ಗೆಕ್ಕೊ ತಿನ್ನುತ್ತಿಲ್ಲ ಎಂದು ಅತ್ತೆ’ ಎಂದೇ ಮಾತು ಶುರು ಮಾಡಿ, ಅವರು ನಗುವುದಿಲ್ಲ. ಬಿಸಿಲು ಕಡಿಮೆಯಾದ ಚಳಿಗಾಲದಲ್ಲಿ ಹಲವರ ಮನಸ್ಸು ಕುಗ್ಗುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ಆ ಬಗ್ಗೆಯೂ ಕೇಳಿ. ಹಗಲು ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಿರಿ. ತರಗತಿಯಲ್ಲಿ ಪಕ್ಕದಲ್ಲಿ ಕೂರುವವರಲ್ಲಿ ಒಬ್ಬರನ್ನು ಊಟಕ್ಕೆ ಕರೆಯಿರಿ. ಅಲ್ಲಿರುವ ಕನ್ನಡಿಗರ ಕೂಟದ ಮುಂದಿನ ಕಾರ್ಯಕ್ರಮಕ್ಕೆ ಯಾರ ಪರಿಚಯವಿಲ್ಲದಿದ್ದರೂ ಹೋಗಿ. ಹೋದ ಮೊದಲ ದಿನ ನೀವೂ ಮೂಲೆಯಲ್ಲೇ ಕೂರಬಹುದು. ಬೆಲ್ಲನಿಗೆ ಕೊಡುವ ಎರಡು ವಾರದ ರಿಯಾಯಿತಿ ನಿಮಗೂ ಸಲ್ಲುತ್ತದೆ.

ಅಳು ನಿಲ್ಲದಿದ್ದರೆ, ತರಗತಿಗೆ ಹೋಗುವುದೇ ಬೇಡವೆನಿಸಿದರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ ಭೇಟಿಯ ದಿನಕ್ಕೆ ಕಾಯಬೇಡಿ. ಅಮೆರಿಕದಲ್ಲಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಇದನ್ನು ಓದುತ್ತಿರುವ, ಕರ್ನಾಟಕದಲ್ಲಿರುವ ಯಾರಿಗಾದರೂ ಹಾಗನ್ನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಮ್ಮನ ಮಾತು

ಅಮ್ಮ ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಹಲ್ಲಿಯ ಮಾತೆಂದರೆ ಶಕುನದ ಮಾತು. ಪಂಚಾಂಗದಲ್ಲಿ ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲಾದರೆ ಏನು ಎಂಬ ಪಟ್ಟಿ ಇರುತ್ತದೆ. ಕಂಚಿಯ ವರದರಾಜ ದೇವಸ್ಥಾನಕ್ಕೆ ಹೋಗಿ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿ ಮುಟ್ಟಿ ಬಂದವರು ಎಷ್ಟೋ ಮಂದಿ. ಅದರ ನಡುವೆ ಬೆಳೆದವರಿಗೆ ಮಗಳು ಹಲ್ಲಿ ಸಾಕಿದ್ದಾಳೆ ಎಂದರೆ ಎದೆ ಝಲ್ಲೆನ್ನುವುದು ಸಹಜ. ಒಂದು ಸಂಗತಿ ಹೇಳಿ ನೋಡಿ: ಬೆಲ್ಲನ ಕಾಲಲ್ಲಿ ಮನೆಹಲ್ಲಿಯಂತೆ ಅಂಟುವ ಪಾದಗಳಿಲ್ಲ, ಬರೀ ಉಗುರುಗಳಿವೆ. ಗೋಡೆ ಹತ್ತಲಾರದು, ಸೂರಿನಿಂದ ಯಾರ ಮೇಲೂ ಬೀಳಲಾರದು. ಮನೆಹಲ್ಲಿಗೆ ಇಲ್ಲದ ರೆಪ್ಪೆ ಇದಕ್ಕಿದೆ, ಕಣ್ಣು ಮುಚ್ಚಿ ಮಲಗುತ್ತದೆ. ಹಾಗೆ ಮಲಗಿದ ಒಂದು ಫೋಟೊ ಮುಂದೆ ಯಾವಾಗಲಾದರೂ ಕಳಿಸಿ.

ಆದರೆ ಅಮ್ಮನ ಬೈಗುಳದ ಒಳಗಿರುವುದು ಹಲ್ಲಿಯ ಮಾತಲ್ಲ, ಮಗಳು ಅಲ್ಲಿ ಹೇಗಿದ್ದಾಳೋ ಎಂಬ ಕಳವಳ ಎಂದು ನನಗನ್ನಿಸುತ್ತದೆ. ನೀವು ಅವರಿಗೆ ಹಲ್ಲಿ ತಂದ ಸುದ್ದಿ ಹೇಳಿದಿರಿ, ಏಕೆ ತಂದಿರಿ ಎಂಬುದನ್ನು ಹೇಳಿಲ್ಲ. ‘ಅಮ್ಮಾ, ಅವಳು ಹೋದಮೇಲೆ ಮನೆ ಬಿಕೋ ಅನ್ನುತ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ’ ಎಂದು ಒಮ್ಮೆ ಹೇಳಿ. ಚಿಂತೆ ಮಾಡಿಯಾರು ಎಂದು ಮುಚ್ಚಿಡಬೇಡಿ. ಏನೂ ತಿಳಿಯದೆ ಪಡುವ ಚಿಂತೆಗಿಂತ ತಿಳಿದು ಪಡುವ ಚಿಂತೆ ತಾಯಂದಿರಿಗೆ ಹಗುರ.

ವಾಪಸು ಕೊಡಬೇಕೇ?

ಈ ಒಂಬತ್ತು ದಿನದ ಆಧಾರದ ಮೇಲೆ ಬೇಡ. ಈಗ ಮತ್ತೆ ಜಾಗ ಬದಲಾದರೆ ಬೆಲ್ಲ ಮೊದಲಿನಿಂದ ಹೆದರಬೇಕು. ಬಿಸಿ ಸರಿಪಡಿಸಿ, ಎರಡು ವಾರ ಬಿಟ್ಟು, ಬೇಕಾದರೆ ವೈದ್ಯರಿಗೆ ತೋರಿಸಿ, ಆಮೇಲೆ ತಣ್ಣಗೆ ಕೂತು ಯೋಚಿಸಿ. ಸರಿಯಾಗಿ ನೋಡಿಕೊಂಡ ಲೆಪರ್ಡ್ ಗೆಕ್ಕೊ 15ರಿಂದ 20 ವರ್ಷ ಬದುಕುತ್ತದೆ. ನಿಮ್ಮ ಓದು ಮುಗಿದು, ಕೆಲಸ ಸಿಕ್ಕಿ, ಊರು ಬದಲಾಗಿ, ಒಂದು ದಿನ ಭಾರತಕ್ಕೆ ಮರಳುವ ಮಾತು ಬಂದಾಗಲೂ ಅದು ಇರುತ್ತದೆ. ಅಷ್ಟು ದೂರದ ಹೊಣೆ ಆಗದು ಎಂದು ಆಗ ಅನ್ನಿಸಿದರೆ, ಸರೀಸೃಪಗಳನ್ನು ಬಲ್ಲವರ ಕೈಗೆ ಜವಾಬ್ದಾರಿಯಿಂದ ಒಪ್ಪಿಸುವುದರಲ್ಲಿ ಸೋಲೇನೂ ಇಲ್ಲ. ಹೊರಗೆ ಮಾತ್ರ ಬಿಡಬೇಡಿ, ಆ ಚಳಿಯಲ್ಲಿ ಅದು ಉಳಿಯುವುದಿಲ್ಲ.

ಇದನ್ನು ಓದಿ ಊರಿನಲ್ಲಿ ಗೆಕ್ಕೊ ತರುವ ಆಸೆಯಾದವರಿಗೆ ಒಂದು ಮಾತು. ನಮ್ಮ ಬಂಡೆ, ಕಾಡುಗಳಲ್ಲಿರುವ ಹಲ್ಲಿ ಜಾತಿಗಳನ್ನು ಹಿಡಿಯಬೇಡಿ, ಹಿಡಿದು ಮಾರುವವರಿಂದ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾವ ಪ್ರಾಣಿಯನ್ನು ಸಾಕಬಹುದು, ಯಾವುದಕ್ಕೆ ನೋಂದಣಿ ಬೇಕು ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಈಗ ನಿಮ್ಮ ಪಾಲಿಗೆ ಉಳಿದದ್ದು ಎರಡೇ ಕೆಲಸ. ಬೆಲ್ಲನಿಗಾಗಿ ಥರ್ಮೋಸ್ಟಾಟ್ ಒಂದನ್ನು ತಂದು ನೆಲದ ಬಿಸಿ ಸರಿಮಾಡಿ. ನಿಮಗಾಗಿ ಆಪ್ತಸಮಾಲೋಚಕರ ಭೇಟಿಯ ದಿನ ಗೊತ್ತುಮಾಡಿ. ಎರಡೂ ಈ ವಾರ ಆಗಲಿ, ಯಾವುದನ್ನು ಮೊದಲು ಮಾಡಿದರೂ ಸರಿಯೇ, ಒಂದನ್ನು ಮಾಡಿ ಇನ್ನೊಂದನ್ನು ಬಿಡಬೇಡಿ. ಮೂರು ವಾರದ ನಂತರ ಮತ್ತೆ ಬರೆಯಿರಿ. ಬೆಲ್ಲ ಎಷ್ಟು ಗ್ರಾಂ ಇದೆ ಎಂಬುದರ ಜೊತೆಗೆ, ನೀವು ಯಾರ ಜೊತೆ ಕೂತು ಊಟ ಮಾಡಿದಿರಿ ಎಂಬುದನ್ನೂ ತಿಳಿಸಿ.